ಊಟದ ಭೋಂಗಾ

ಹೋದ ಚಳಿಗಾಲದಲ್ಲಿ ಚಿಕ್ಕಮ್ಮನ ಮಗಳು ಪದ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಳೆಂದು ವಿಶಾಖಪಟ್ಟಣಕ್ಕೆ ಹೋಗಿದ್ದೆ. ಸ್ಟೇಷನ್ನಿನಿಂದ ಹಿಡಿದ ಆಟೊದವನು ಹಳೇ ಊರಿನಲ್ಲಿ ಯಾರಿಗೋ ಒಂದು ಪೊಟ್ಟಣ ಕೊಡುವುದಿದೆ, ಐದೇ ನಿಮಿಷ ಅಮ್ಮಾ ಎಂದು ಬಂದರಿನ ಗೋಡೆಯ ಬದಿಗೆ ತಿರುಗಿಸಿದ. ಅಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಂಡೆವು. ಊಟದ ಹೊತ್ತಾಗುತ್ತಿದೆ, ಪದ್ಮ ಬೈಯುತ್ತಾಳೆ ಎಂದು ಗೊಣಗುತ್ತ ಕೂತಿದ್ದಾಗ ಗೋಡೆಯಾಚೆಯಿಂದ ಭೋಂಗಾ ಕೂಗಿತು. ಗಿರಣಿ, ಕಾರ್ಖಾನೆಗಳ ಸೈರನ್ನನ್ನು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಭೋಂಗಾ ಅನ್ನುತ್ತೇವೆ. ಮೊದಲು ತಡವರಿಸಿ ಏರಿತು. ಆಮೇಲೆ ಒಂದೇ ಸ್ವರದ ಮೇಲೆ ಗಟ್ಟಿಯಾಗಿ ನಿಂತಿತು. ನನ್ನ ಗಂಟಲು ನನ್ನನ್ನು ಒಂದು ಮಾತೂ ಕೇಳದೆ ಅದರ ಜೊತೆ 'ಸಾ' ಹಿಡಿಯಿತು.

ಆಟೊದವನು ಕನ್ನಡಿಯಲ್ಲಿ ನೋಡಿದ. ಬಿಳಿಕೂದಲಿನ ಹೆಂಗಸೊಬ್ಬಳು ಸೈರನ್ನಿನ ಜೊತೆ ರಾಗ ಎಳೆಯುತ್ತಿದ್ದರೆ ಯಾರಾದರೂ ನೋಡುತ್ತಾರೆ. "ಏನಾಯಿತಮ್ಮಾ?" ಎಂದ. ಏನಿಲ್ಲ ಎಂದೆ. ಏನಿಲ್ಲ ಅನ್ನುವುದು ಸುಳ್ಳಾಗಿತ್ತು. ಅಷ್ಟು ವರ್ಷ ಕಟ್ಟಿ ಮೂಲೆಗಿಟ್ಟಿದ್ದ ಒಂದಿಡೀ ವರ್ಷ ಗಂಟು ಬಿಚ್ಚಿಕೊಂಡು ಬಿದ್ದಿತ್ತು.

ತೊಂಬತ್ತರ ದಶಕದ ಆರಂಭ. ನಾನು ಧಾರವಾಡದಲ್ಲಿ ಡಿಗ್ರಿ ಮುಗಿಸಿ, ಗುರುಗಳ ಹತ್ತಿರ ಗಾಯನ ಕಲಿಯುತ್ತ, ಕೆಲಸವಿಲ್ಲದೆ ಕೂತಿದ್ದೆ. ಚಿಕ್ಕಮ್ಮನ ಗಂಡ ತೆಲುಗಿನವರು. ನಾನೂ ಅವರನ್ನು ಅಲ್ಲಿಯ ಪದ್ಧತಿಯಂತೆ ಬಾಬಾಯಿ ಎಂದೇ ಕರೆಯುತ್ತಿದ್ದೆ. ಅವರ ಪರಿಚಯದ ಮೇಲೆ ಬಂದರಿನ ಹತ್ತಿರದ ಒಂದು ಶಿಪ್ಪಿಂಗ್ ಏಜೆಂಟರ ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಎಂವಿಪಿ ಕಾಲೋನಿಯ ಅವರ ಮನೆಯಲ್ಲಿಯೇ ಇರಬೇಕು ಎಂದಾಯಿತು. ಒಂದು ಪೆಟ್ಟಿಗೆ ಬಟ್ಟೆ, ಒಂದು ಡಬ್ಬಿ ಶೇಂಗಾ ಚಟ್ನಿ ಹಿಡಿದು ಹೋದೆ. ತಂಬೂರಿ ಒಯ್ಯುತ್ತೇನೆ ಎಂದರೆ ಅಪ್ಪ, "ಸಮುದ್ರದ ಗಾಳಿಗೆ ಹಾಳಾಗ್ತದ, ಇಲ್ಲೇ ಇರ್ಲಿ" ಎಂದರು.

ಹಾಳಾಗುವುದಕ್ಕೆ ಸಮುದ್ರದ ಗಾಳಿ ಬೇಕಿರಲಿಲ್ಲ. ಆ ವರ್ಷ ಪದ್ಮ ಮೆಡಿಕಲ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಅಂಥ ಮನೆಯಲ್ಲಿ ಇದ್ದವರಿಗೇ ಗೊತ್ತು, ಅದು ಮನೆಯಲ್ಲ, ಮೌನವ್ರತದ ಮಠ. ಟೀವಿಗೆ ವರ್ಷವಿಡೀ ಬಟ್ಟೆ ಮುಚ್ಚಿತ್ತು. ಕುಕ್ಕರ್ ಕೂಗುವುದೆಲ್ಲ ಅವಳು ಕೋಚಿಂಗಿಗೆ ಹೋದ ಮೇಲೆ. ನಾನು ಮೊದಲ ಬೆಳಿಗ್ಗೆ ರೂಢಿಯಂತೆ ಎದ್ದು ಖರ್ಜದ ಸಾಧನೆಗೆ, ತಗ್ಗಿನ ಸ್ವರದ ಅಭ್ಯಾಸಕ್ಕೆ, ಬಾಯಿ ತೆರೆದರೆ ಚಿಕ್ಕಮ್ಮ ಓಡಿ ಬಂದಳು.

"ಏ ಗಿರಿಜಾ, ಮೆಲ್ಲಗ, ಮೆಲ್ಲಗ. ಪಾಪ ಚದುವುಕೊಳ್ಳಾಕತ್ತಾಳ."

ಚದುವು ಎಂದರೆ ಓದು, ಪಾಪ ಎಂದರೆ ಮಗು. ಧಾರವಾಡದ ಓಣಿಯಲ್ಲಿ ಹುಟ್ಟಿ ಬೆಳೆದ ಚಿಕ್ಕಮ್ಮನ ಕನ್ನಡಕ್ಕೆ ಅರ್ಧ ತೆಲುಗು ಹತ್ತಿತ್ತು. ಪದ್ಮಳಿಗೆ ಕನ್ನಡ ತಿಳಿಯುತ್ತಿತ್ತು, ನುಡಿಯಲು ನಾಚಿಕೆ. ಬಾಬಾಯಿ ಬಲು ಮರ್ಯಾದಸ್ಥರು. "ಸಂಗೀತ ಬಹಳ ಒಳ್ಳೆಯದಮ್ಮಾ, ಪರೀಕ್ಷೆ ಆಗಿಬಿಡಲಿ" ಎಂದರು. ಪರೀಕ್ಷೆ ಮುಂದಿನ ಬೇಸಿಗೆಗೆ. ಅಲ್ಲಿಯವರೆಗೆ ನನ್ನ ಗಂಟಲಿಗೆ ಬೀಗ.

ಕಚೇರಿಯಲ್ಲಿ ಕಾಗದದ ಮೇಲೆ ಇಂಗ್ಲಿಷು, ಬಾಯಲ್ಲಿ ತೆಲುಗು. ನಾನು ಒಂದು ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವ ಹೊತ್ತಿಗೆ ಅವರ ನಗು ಮುಗಿದು ಎಲ್ಲರೂ ಕೆಲಸಕ್ಕೆ ತಿರುಗಿರುತ್ತಿದ್ದರು. ಹೆಂಗಸರು ಇಬ್ಬರೇ ಇದ್ದೆವು. ಇನ್ನೊಬ್ಬರು ಊಟಕ್ಕೆ ಮನೆಗೆ ಹೋಗುತ್ತಿದ್ದರು. ಭಾನುವಾರ ಸಂಜೆ ಒಬ್ಬಳೇ ಬೀಚಿನ ರಸ್ತೆಗೆ ಹೋಗಿ ಬಂಡೆಯ ಮೇಲೆ ಕೂತು ಹಾಡಿಕೊಳ್ಳಲು ನೋಡುತ್ತಿದ್ದೆ. ತೆರೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ದೂರದಲ್ಲಿ ಬಂದರಿಗೆ ಬರಲು ಜಾಗವಿಲ್ಲದೆ ಕಾಯುತ್ತಿದ್ದ ಹಡಗುಗಳು ದೀಪ ಹಚ್ಚಿಕೊಂಡು ನಿಂತಿರುತ್ತಿದ್ದವು. ಅವಕ್ಕಾದರೂ ಒಳಗೆ ಕರೆಯುವವರಿದ್ದಾರೆ ಎನಿಸಿ ಅಳು ಬರುತ್ತಿತ್ತು. ಅತ್ತಿದ್ದೇನೆ ಕೂಡ. ಮನೆಗೆ ಹೋದರೆ ಚಿಕ್ಕಮ್ಮ "ಕಣ್ಣಿಗೆ ಉಸುಕು ಬಿತ್ತೇನ?" ಎನ್ನುತ್ತಿದ್ದಳು, ಹೂಂ ಎನ್ನುತ್ತಿದ್ದೆ.

ನನ್ನ ಮೇಜಿನ ಹಿಂದಿನ ಕಿಟಕಿ ಒಂದು ಗೋದಾಮಿನ ಅಂಗಳಕ್ಕೆ ತೆರೆಯುತ್ತಿತ್ತು. ಹಡಗುಗಳಿಗೆ ಹಗ್ಗ, ಬಣ್ಣ, ತಗಡಿನ ಡಬ್ಬಿಗಳನ್ನು ಒದಗಿಸುವವರ ಗೋದಾಮು. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದಾಗ ನಾನು ಅಲ್ಲೇ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಮೂವರು ಗಂಡಸರು ಸೇರಿ ಗದ್ದಲ ಶುರುಮಾಡುತ್ತಿದ್ದರು. ಕರೆಂಟಿನ ಗಿಟಾರು, ಇನ್ನೊಂದು ದಪ್ಪ ತಂತಿಯ ಗಿಟಾರು, ಡ್ರಮ್ಮು. ಧಾರವಾಡದ ಕಿವಿಗೆ ಮೊದಲ ದಿನ ಅದು ತಗಡಿನ ಡಬ್ಬಿಗಳೇ ಉರುಳಿ ಬಿದ್ದ ಹಾಗೆ ಕೇಳಿಸಿತು. ಕಿಟಕಿ ಮುಚ್ಚಿದೆ. ಸೆಕೆ ತಡೆಯಲಾರದೆ ಮತ್ತೆ ತೆರೆದೆ.

ಆದರೆ ಗದ್ದಲಕ್ಕೆ ಮೊದಲು ಅವರು ಮಾಡುತ್ತಿದ್ದ ಒಂದು ಕೆಲಸ ನನ್ನನ್ನು ಹಿಡಿದುಬಿಟ್ಟಿತು. ಊಟದ ಭೋಂಗಾಕ್ಕಾಗಿ ಅವರು ಕಾಯುತ್ತಿದ್ದರು. ಅದು ಕೂಗಿ ಒಂದು ಸ್ವರದ ಮೇಲೆ ನಿಂತ ತಕ್ಷಣ, ಗಿಟಾರಿನವನು ಕಣ್ಣು ಮುಚ್ಚಿ ಮೂರನೇ ತಂತಿಯ ಕಿವಿ ಹಿಂಡುತ್ತಿದ್ದ. ತಂತಿ ಭೋಂಗಾದಲ್ಲಿ ಕರಗಿ ಎರಡೂ ಒಂದಾಗುವವರೆಗೂ ಯಾರೂ ಉಸಿರೆತ್ತುತ್ತಿರಲಿಲ್ಲ. ಆಮೇಲೆ ಆ ತಂತಿಗೆ ಉಳಿದ ತಂತಿಗಳು. ಅವರ ಹತ್ತಿರ ಶ್ರುತಿ ಪೆಟ್ಟಿಗೆ ಇರಲಿಲ್ಲ, ಪಕ್ಕದ ಚರ್ಚಿನ ಹಾರ್ಮೋನಿಯಂ ಕೇಳಿದರೆ ಪಾಸ್ಟರು ಕೊಟ್ಟಿರಲಿಲ್ಲ. ಬಂದರಿನ ಭೋಂಗಾವೇ ಅವರ ತಂಬೂರಿ.

ಒಂದು ದಿನ ತಡೆಯಲಾಗಲಿಲ್ಲ. ಭೋಂಗಾ ನಿಂತ ಕಡೆ ನಾನೂ ಕಿಟಕಿಯಿಂದ 'ಸಾ' ಬಿಟ್ಟೆ. ಎಷ್ಟೋ ತಿಂಗಳ ಮೇಲೆ ಗಂಟಲು ತುಂಬ ತೆರೆದ ಸಾ. ಕೂಗು ನಿಂತ ಮೇಲೂ ನನ್ನದು ನಿಲ್ಲಲಿಲ್ಲ.

ಮೂವರೂ ತಲೆಯೆತ್ತಿದರು. ಗಿಟಾರಿನವನು, ದಪ್ಪ ಮೀಸೆಯ ಕಟ್ಟುಮಸ್ತಾದ ಮನುಷ್ಯ, ಯಾವ ಊರಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ಧಾರವಾಡ, ಕರ್ನಾಟಕ ಎಂದೆ. ಅವನ ಮುಖ ಹೇಗೋ ಆಯಿತು. ಸ್ವಲ್ಪ ಹೊತ್ತು ಬಾಯಲ್ಲಿ ಏನನ್ನೋ ಹುಡುಕಿ, "ಉಂಡೇನವ್ವಾ?" ಎಂದ.

ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ಕಿಟಕಿ ಮುಚ್ಚಿದೆ.

ಗೇಲಿಯಲ್ಲವೆಂದು ಮರುದಿನ ಡ್ರಮ್ಮಿನ ಡೇವಿಡ್ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದ. ಗಿಟಾರಿನವನ ಹೆಸರು ಸೂರಿಬಾಬು, ಬಂದರಿನ ಕ್ರೇನ್ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವನ ತಾಯಿ ಬಳ್ಳಾರಿಯ ಕಡೆಯವರು, ಬಂದರಿನ ಖಲಾಸಿಯೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಮನೆಯ ಹೊರಗೆ ಕನ್ನಡ ಮಾತಾಡಲು ಅವರಿಗೆ ಯಾರೂ ಸಿಗದೆ ಮಕ್ಕಳ ಜೊತೆಯೇ ಆಡುತ್ತಿದ್ದರಂತೆ. ಸೂರಿಬಾಬು ಇನ್ನೂ ಚಿಕ್ಕ ಹುಡುಗನಿದ್ದಾಗಲೇ ಅವರು ತೀರಿಕೊಂಡರು. ಅಂದಿನಿಂದ ಅವನ ಕನ್ನಡ ಅಲ್ಲಿಗೇ ನಿಂತಿತ್ತು. ತಾಯಿ ಮಗುವಿಗೆ ಆಡುವ ಮಾತುಗಳಷ್ಟೇ ಅವನಿಗೆ ಬರುತ್ತಿದ್ದದ್ದು. ಬಾರವ್ವಾ, ಕುಂದ್ರು, ಉಂಡೇನು, ಬಿಸಿಲಾಗ ತಿರಗಬ್ಯಾಡ, ಕೈ ತೊಳಕೋ. ನನಗೆ ಇಪ್ಪತ್ತನಾಲ್ಕು, ಅವನಿಗೆ ಮೂವತ್ತರ ಹತ್ತಿರ. ಮೀಸೆ ಹೊತ್ತ ಫಿಟ್ಟರ್ ನನ್ನನ್ನು ಎರಡು ವರ್ಷದ ಕೂಸಿನಂತೆ ಮಾತಾಡಿಸುತ್ತಿದ್ದ. ನಗು ತಡೆಯುವುದು ಕಷ್ಟವಾಗುತ್ತಿತ್ತು. ಆದರೆ ಆ ಊರಿನಲ್ಲಿ ಉಂಡೇನು ಎಂದು ನನ್ನ ಭಾಷೆಯಲ್ಲಿ ಕೇಳುವವನು ಅವನೊಬ್ಬನೇ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ. ವಾರ ಕಳೆಯುವುದರೊಳಗೆ ಡಬ್ಬಿ ಹಿಡಿದು ಗೋದಾಮಿನ ಅಂಗಳದಲ್ಲೇ ಕೂರತೊಡಗಿದೆ. ಅವರ ತಂಡದ ಹೆಸರು 'ಔಟರ್ ಹಾರ್ಬರ್'. ಹಾಡುಗಳೆಲ್ಲ ಸ್ವಂತದವು, ಸೂರಿಬಾಬು ಕಟ್ಟಿದ್ದು, ಅರ್ಧ ಇಂಗ್ಲಿಷು, ಅರ್ಧ ತೆಲುಗು. ಸಿನಿಮಾ ಹಾಡು ಬಾರಿಸಿ ಎಂದರೆ ಬಾರಿಸುತ್ತಿರಲಿಲ್ಲ, ಅದರಿಂದ ಮದುವೆ ಮನೆಯವರು ಕರೆಯುತ್ತಿರಲಿಲ್ಲ. ದಪ್ಪ ತಂತಿಯ ಗಿಟಾರಿನ ರಮಣ ಗೋದಾಮಿನ ಯಜಮಾನರ ಸೋದರಳಿಯ. ಡೇವಿಡ್ ಚರ್ಚಿನಲ್ಲಿ ಬಾರಿಸಿ ಕೈ ಪಳಗಿಸಿಕೊಂಡವನು. ನನ್ನನ್ನು ಮೊದಲು ಹಿಮ್ಮೇಳಕ್ಕೆ ಸೇರಿಸಿಕೊಂಡರು. ಗುರುಗಳಿಗೆ ತಿಳಿದರೆ ತಲೆ ಕೆಡಿಸಿಕೊಳ್ಳುತ್ತಿದ್ದರು. ನಾನು ತಿಳಿಸಲಿಲ್ಲ.

ಆ ಭೋಂಗಾ ಹಾರ್ಮೋನಿಯಂನ ಯಾವ ಕೀಲಿಯ ಮೇಲೂ, ಯಾವ ಮನೆಯ ಮೇಲೂ ಕೂರುವುದಿಲ್ಲ ಎಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಮೂರನೇ ಕರಿ ಮನೆಗೂ ಅದರ ಪಕ್ಕದ ಐದನೇ ಬಿಳಿ ಮನೆಗೂ ನಡುವೆ ಎಲ್ಲೋ ತೂಗುತ್ತದೆ. ರಮಣ ಒಮ್ಮೆ, ಇದು ಸರಿಯಾದ ಶ್ರುತಿಯೇನಾ ಎಂದು ಕೇಳಿದ. ನಾನು ಘನ ಗಾಯಕಿಯ ಗತ್ತಿನಲ್ಲಿ, ನಮ್ಮ ಕಡೆ ಸಾ ಎಲ್ಲಿ ಊರಿದರೆ ಅಲ್ಲೇ ಮನೆ, ನಾವು ನಾಲ್ವರೂ ಒಂದೇ ಕಡೆ ಊರಿದ್ದೇವೆ, ಸಾಕು ಎಂದೆ. ತಂಬೂರಿಯ ಮುಂದೆ ಬೆಳೆದವಳಿಗೆ ಅದು ನಿಜವೇ. ಎಲ್ಲರೂ ಒಪ್ಪಿದರು. ದಿನಾ ಅದೇ ಕೂಗು, ಅದೇ ತಂತಿ, ಅದೇ ಸಾ. ಕಿವಿಗೆ ಅದು ಎಷ್ಟು ಇಳಿಯಿತೆಂದರೆ ರಾತ್ರಿ ದಿಂಬಿಗೆ ಮುಖ ಒತ್ತಿ ಗುನುಗಿದರೂ ಅಲ್ಲೇ ಹೋಗಿ ನಿಲ್ಲುತ್ತಿತ್ತು.

ಮಳೆ ಮುಗಿದು ಚಳಿ ಬರುವ ಹೊತ್ತಿಗೆ ತಂಡಕ್ಕೆ ಹೆಸರು ಬಂತು. ಬಂದರಿನ ನೌಕರರ ಸಾಂಸ್ಕೃತಿಕ ಸಂಜೆಯಲ್ಲಿ ಮುಂದಿನ ಸಾಲಿನ ಅಧಿಕಾರಿಗಳು ಎದ್ದು ಹೋದರು, ಹಿಂದಿನ ಸಾಲಿನವರು ಬೆಂಚು ಹತ್ತಿದರು. ಎಂಜಿನಿಯರಿಂಗ್ ಕಾಲೇಜಿನ ಹಬ್ಬಕ್ಕೆ ಕರೆಸಿಕೊಂಡ ಹುಡುಗರು ಮೂರು ಹಾಡು ಸಾಕು ಎಂದವರು ಇಳಿಯಲು ಬಿಡಲಿಲ್ಲ. ಚಿಕ್ಕಮ್ಮನಿಗೆ ಕಚೇರಿಯಲ್ಲಿ ಓವರ್‌ಟೈಮ್ ಎಂದು ಹೇಳಿ ಹೋಗುತ್ತಿದ್ದೆ. ಬಾಬಾಯಿ, ಹುಡುಗಿ ಕಷ್ಟಪಡುತ್ತಾಳೆ ಎಂದು ಮೆಚ್ಚಿಕೊಂಡರು. ಆ ಕಾಲೇಜಿನಲ್ಲಿ ನಮ್ಮನ್ನು ಕೇಳಿದ ಪ್ರಸಾದ್‌ಗಾರು ಎಂಬವರು ವಿಜಯವಾಡದಲ್ಲಿ ಕ್ಯಾಸೆಟ್ ಕಂಪನಿ ನಡೆಸುತ್ತಿದ್ದರು. ಭಕ್ತಿಗೀತೆ ಮತ್ತು ಹಾಸ್ಯ ಪ್ರಹಸನ ಅವರ ವ್ಯಾಪಾರ. ಕಾಲೇಜು ಹುಡುಗರಿಗೆ ಒಂದು ಕ್ಯಾಸೆಟ್ ಮಾಡಿ ನೋಡೋಣ, ಬೇಸಿಗೆಗೆ ಬನ್ನಿ ಎಂದರು. ಔಟರ್ ಹಾರ್ಬರ್‌ನ ಮೊದಲ ಆಲ್ಬಂ. ಹೆಸರು ಡೇವಿಡ್ ಇಟ್ಟ: 'ಲಂಚ್ ಅವರ್'. ಊಟದ ಹೊತ್ತಿನಲ್ಲಿ ಉಣ್ಣದೆ ಕಟ್ಟಿದ ಹಾಡುಗಳು ತಾನೇ.

ಕೊನೆಯ ಹಾಡು ಮಾತ್ರ ಬಾಕಿ ಇತ್ತು. ಒಂದು ಮಧ್ಯಾಹ್ನ ಭೋಂಗಾ ಕೂಗಿದಾಗ ನಾನು ಡಬ್ಬಿ ತೆರೆಯುತ್ತ, "ಭೋಂಗಾ ಆತು, ಉಣ್ರಿ ಮೊದ್ಲ" ಎಂದೆ. ಸೂರಿಬಾಬು ತಂತಿ ಬಿಟ್ಟು ನನ್ನ ಕಡೆ ತಿರುಗಿದ.

"ಅಮ್ಮ ಅದೇ ಅನ್ನೋಳು. ಭೋಂಗಾ," ಎಂದ. ಮುಂದೆ ಕನ್ನಡ ಸಿಗದೆ ತೆಲುಗಿಗೆ ಹೊರಳಿದ. ಇವನು ದಂಡೆಯಲ್ಲಿ ಹಡಗು ನೋಡುತ್ತ ನಿಂತಿರುತ್ತಿದ್ದನಂತೆ, ಭೋಂಗಾ ಕೂಗಿದೊಡನೆ ತಾಯಿ ಬಾಗಿಲಿಗೆ ಬಂದು ಅದೇ ಎಳೆಯಲ್ಲಿ ಕರೆಯುತ್ತಿದ್ದರಂತೆ. ಹೇಗೆ ಕರೆಯುತ್ತಿದ್ದರು ಎಂದು ಕೇಳಿದೆ. ನೆನಪಿಸಿಕೊಂಡು ಹೇಳಿದ, ನಾನು ಒಂದೆರಡು ಮಾತು ಸರಿಪಡಿಸಿ ಅದಕ್ಕೊಂದು ಎಳೆ ಕೊಟ್ಟೆ.

ಭೋಂಗಾ ಕೂಗ್ತು ಬಾರೋ ಮಗನೆ,
ಅನ್ನ ಆರಿ ಹೋಗತೈತಿ.
ಹಡಗ ನೋಡ್ತ ನಿಂತರ ಹೊಟ್ಟಿ
ಹ್ಯಾಂಗ ತುಂಬತೈತಿ?

ಇಷ್ಟೇ. ಇದನ್ನು ನಾನು ಒಬ್ಬಳೇ, ಯಾವ ವಾದ್ಯವೂ ಇಲ್ಲದೆ ಹಾಡಬೇಕು. ಕೊನೆಯ ಅಕ್ಷರ ಮುಗಿಯುವ ಮೊದಲೇ ಮೂವರೂ ಒಟ್ಟಿಗೆ ಎರಗಬೇಕು, ಮಗ ಓಡಿ ಬಂದಂತೆ. ಗೋದಾಮಿನಲ್ಲಿ ಅದು ಮೊದಲ ಸಲ ಕೂಡಿಬಂದಾಗ ಸೂರಿಬಾಬು ಗೋಡೆಯ ಕಡೆ ಮುಖ ಮಾಡಿ ನಿಂತ. ತಾಯಿಯ ಫೋಟೊ ಕೂಡ ಇಲ್ಲವಂತೆ ಅವನ ಹತ್ತಿರ. ಈ ನಾಲ್ಕು ಸಾಲು ಕ್ಯಾಸೆಟ್ಟಿಗೆ ಹೋದರೆ ಸಾಕು, ಉಳಿದ ಹಾಡು ಬಿದ್ದುಹೋದರೂ ಚಿಂತೆಯಿಲ್ಲ ಎಂದು ಡೇವಿಡ್‌ಗೆ ಹೇಳಿದನಂತೆ. ನನಗೋ, ಆ ಮೂವರ ನಡುವೆ ನನಗಾಗಿ ಬಿಟ್ಟ ಆ ಖಾಲಿ ಜಾಗವೇ ಆ ವರ್ಷದ ಮನೆ.

ಪದ್ಮಳ ಪರೀಕ್ಷೆ ಮುಗಿದ ವಾರ ವಿಜಯವಾಡಕ್ಕೆ ಹೊರಟೆವು. ಗೆಳತಿಯ ಮದುವೆ ಎಂದಿದ್ದೆ. ಉಳಿದುಕೊಂಡದ್ದು ಕೊಂಡಪಲ್ಲಿಯ ಹತ್ತಿರ, ವಿದ್ಯುತ್ ಸ್ಥಾವರದ ಕಾಲೋನಿಯಲ್ಲಿ, ಸೂರಿಬಾಬುವಿನ ಅಕ್ಕನ ಮನೆಯಲ್ಲಿ. ಬೇಸಿಗೆಯ ವಿಜಯವಾಡವನ್ನು ನಾನು ಬಣ್ಣಿಸುವುದಿಲ್ಲ. ಬಸ್ಸಿನ ಕಂಬಿ ಮುಟ್ಟಿದರೆ ಅಂಗೈ ಸುಡುತ್ತಿತ್ತು ಎಂದರೆ ಸಾಕು. ಸ್ಟುಡಿಯೊ ಒಂದು ಓಣಿಯ ಮಾಳಿಗೆಯಲ್ಲಿ. ಗೋಡೆಗೆಲ್ಲ ತೆಂಗಿನ ನಾರಿನ ಹಾಸಿಗೆ ಬಡಿದಿದ್ದರು. ರೆಕಾರ್ಡಿಂಗ್ ಶುರುವಾದೊಡನೆ ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸುತ್ತಿದ್ದರು. ಪ್ರತಿ ಹಾಡಿನ ಕೊನೆಗೆ ಡೇವಿಡ್ ಅಂಗಿ ಬಿಚ್ಚಿ ಹಿಂಡುತ್ತಿದ್ದ.

ಮೊದಲ ದಿನವೇ ಪ್ರಸಾದ್‌ಗಾರು ಒಂದು ಷರತ್ತು ಹಾಕಿದರು. ಎಲ್ಲ ಹಾಡಿಗೂ ಆರ್ಗನ್ ಇರಬೇಕು. "ಆರ್ಗನ್ ಇಲ್ಲದ ಕ್ಯಾಸೆಟ್ ಅಂಗಡಿಯವನು ಮುಟ್ಟೋದಿಲ್ಲಮ್ಮಾ. ಬರೀ ತಂತಿ ಕುಯ್ಯುವುದನ್ನು ಯಾರು ಕೊಳ್ಳುತ್ತಾರೆ?" ಆರ್ಗನ್ ಬಾರಿಸಲು ಶಾಸ್ತ್ರಿಗಾರು ಎಂಬ ವೃದ್ಧರು ಕೂತಿದ್ದರು, ಸಜ್ಜನರು. ಅವರು ಒಂದು ಮನೆ ಒತ್ತಿದರು, ಸೂರಿಬಾಬು ತಂತಿ ಮೀಟಿದ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶಾಸ್ತ್ರಿಗಾರು ಪಕ್ಕದ ಮನೆ ಒತ್ತಿ ನೋಡಿದರು. ಅಲ್ಲಿಯೂ ಇಲ್ಲ. ನಮ್ಮ ಒಂದು ವರ್ಷದ ಸಾ ಆ ಎರಡು ಮನೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಆರ್ಗನ್ನನ್ನು ಇಳಿಸುವಂತಿಲ್ಲ, ಏರಿಸುವಂತಿಲ್ಲ. ನಾವೇ ಏರಬೇಕಾಯಿತು. ಗಿಟಾರುಗಳ ತಂತಿ ಬಿಗಿದರು. ಬಿಗಿದ ಮೇಲೆ ಹಾಡುಗಳು ಚೆನ್ನಾಗಿಯೇ ಬಂದವು. ಹಿಮ್ಮೇಳದಲ್ಲಿ ಗಿಟಾರಿನ ಬೆನ್ನು ಹಿಡಿದು ಹೋಗುವುದು ನನಗೇನೂ ತೊಡಕಾಗಲಿಲ್ಲ.

ಕೊನೆಯ ದಿನ ನಮ್ಮ ಹಾಡು. ಶಾಸ್ತ್ರಿಗಾರು ಸಾ ಕೊಟ್ಟರು. ನಾನು ಸರಿಯಾಗಿಯೇ ಹಿಡಿದು ಹಾಡಿದೆ. ನಾಲ್ಕನೇ ಸಾಲು ಮುಗಿಯುತ್ತಿದ್ದಂತೆ ಮೂವರೂ ಎರಗಿದರು, ಆರ್ಗನ್ ಸೇರಿತು. ನಾನು ಒಂದು ಕಡೆ, ಅವರೆಲ್ಲ ಇನ್ನೊಂದು ಕಡೆ. ಹಾಡುತ್ತ ಹಾಡುತ್ತ, ನನಗೆ ತಿಳಿಯದಂತೆ, ಭೋಂಗಾದ ಮನೆಗೆ ಇಳಿದುಬಿಟ್ಟಿದ್ದೆ.

ಮತ್ತೆ ಹಾಡಿದೆ. ಮತ್ತೆ ಇಳಿದೆ. ಆಸರೆಗೆ ವಾದ್ಯವಿಲ್ಲದ ಆ ನಾಲ್ಕು ಸಾಲಿನಲ್ಲಿ ಗಂಟಲು ತನಗೆ ಗೊತ್ತಿದ್ದ ಮನೆಗೇ ಹೋಗುತ್ತಿತ್ತು. ರೆಕಾರ್ಡಿಸ್ಟ್ ಮಸ್ತಾನ್ ಪಾಪ ಪ್ರತಿ ಸಲ ಟೇಪು ಹಿಂದಕ್ಕೆ ತಿರುಗಿಸುತ್ತಿದ್ದ. ನೀರು ಕುಡಿದೆ, ಕಣ್ಣು ಮುಚ್ಚಿದೆ, ಕಿವಿ ಮುಚ್ಚಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದನ್ನೂ ಅಂದೆ, ಆರ್ಗನ್ನೇ ಸರಿಯಿಲ್ಲ ಎಂದು ಜಗಳ ತೆಗೆದೆ. ಶಾಸ್ತ್ರಿಗಾರು ಬೇಸರ ಮಾಡಿಕೊಳ್ಳಲಿಲ್ಲ. ಅದು ನನಗೆ ಇನ್ನೂ ಸಿಟ್ಟು ತರಿಸಿತು.

ಸಂಜೆಗೆ ಪ್ರಸಾದ್‌ಗಾರು ಗಡಿಯಾರ ನೋಡಿಕೊಂಡು ಬಂದರು. ಮರುದಿನ ಸ್ಟುಡಿಯೊ ಭಜನೆಯವರಿಗೆ. "ಚೂಡಮ್ಮಾ, ನೋಡು, ತಪ್ಪು ತಿಳಿಯಬೇಡ. ನಮ್ಮಲ್ಲಿ ಕೋರಸ್ ಹಾಡುವ ಹುಡುಗಿ ಇದ್ದಾಳೆ, ಕೆಳಗೇ ಕೂತಿದ್ದಾಳೆ. ನಾಲ್ಕು ಸಾಲು ತಾನೇ, ಹೇಳಿಕೊಟ್ಟರೆ ಹಾಡುತ್ತಾಳೆ. ಏನಂತೀಯ ಸೂರಿಬಾಬು?"

ನಾನು ಸೂರಿಬಾಬುವಿನ ಕಡೆ ನೋಡಿದೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ಗಿಟಾರಿನ ಮೇಲೆ ಬಾಗಿ ಕೂತಿದ್ದ, ತಲೆ ಎತ್ತಲಿಲ್ಲ. ಫ್ಯಾನು ಕೂಡ ನಿಂತಿತ್ತು. ಆ ಸದ್ದಿಲ್ಲದ ಕೋಣೆಯಲ್ಲಿ ನಾನು ನಿಂತಿದ್ದ ಜಾಗ ನನ್ನದಲ್ಲ ಎಂದು ಅನಿಸಿತು. ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆ.

ಅವನು ಹಿಂದೆಯೇ ಓಡಿ ಬಂದ. ಬೀದಿಯ ತಿರುವಿನಲ್ಲಿ ಅಡ್ಡ ನಿಂತ. ಹೇಳುವುದು ಬಹಳ ಇತ್ತು ಅವನಿಗೆ, ಮುಖ ನೋಡಿದರೆ ತಿಳಿಯುತ್ತಿತ್ತು. ಕೊನೆಗೆ ಬಂದದ್ದು ಇಷ್ಟು.

"ಉಂಡು ಹೋಗವ್ವಾ."

ನನಗೆ ಮೈಯೆಲ್ಲ ಉರಿಯಿತು. "ಊಟ? ಈಗ ಊಟದ ಮಾತ ಆಡ್ತೀರಿ?" ಎಂದು ಕೂಗಿದೆ. "ನೀವಽ ಉಣ್ರಿ, ಹೊಟ್ಟಿ ತುಂಬ ಉಣ್ರಿ!" ಅವನಿಗೆ ಎಷ್ಟು ಅರ್ಥವಾಯಿತೋ. ರಿಕ್ಷಾ ಹತ್ತಿ ಸ್ಟೇಷನ್ನಿಗೆ ಹೋದೆ. ಪ್ಯಾಸೆಂಜರ್ ರೈಲು ಎಲ್ಲ ಊರಿನಲ್ಲೂ ನಿಂತು ನಿಂತು ಹೋಯಿತು. ಪಕ್ಕದಲ್ಲಿ ಒಂದು ಕುಟುಂಬ ಪುಳಿಹೋರೆಯ ಗಂಟು ಬಿಚ್ಚಿ ನನಗೂ ಕೊಡಲು ಬಂದಿತು. ಒಲ್ಲೆ ಎಂದು ಕಿಟಕಿಗೆ ಮುಖ ಕೊಟ್ಟೆ.

ಮಳೆಗಾಲ ಬರುವ ಮೊದಲೇ ಕೆಲಸ ಬಿಟ್ಟು ಧಾರವಾಡಕ್ಕೆ ಮರಳಿದೆ. ಗೋದಾಮಿನ ಕಡೆಯ ಕಿಟಕಿಯನ್ನು ಕೊನೆಯ ದಿನದವರೆಗೂ ತೆರೆಯಲಿಲ್ಲ. ಹೊರಗಿನಿಂದ ಯಾರೋ ಒಂದೆರಡು ಸಲ ಬಡಿದರು. ಸೆಕೆಯಲ್ಲಿ ಬೆಂದರೂ ಸರಿಯೇ ಎಂದು ಟೈಪ್ ಮಾಡುತ್ತಲೇ ಇದ್ದೆ. ಅದೇ ದೀಪಾವಳಿಗೆ ಚಿಕ್ಕಮ್ಮ ಕಳಿಸಿದ ಆವಕಾಯಿ ಭರಣಿಯ ಜೊತೆ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಸೆಟ್ಟೂ ಬಂತು. ಯಾರೋ ಮೀಸೆಯವನು ಮನೆಗೆ ತಂದುಕೊಟ್ಟು, ಗಿರಿಜಾ ಉಂಡಳಾ ಎಂದು ಕೇಳಿ ಹೋದನಂತೆ. "ಯಾರಽ ಅವ? ತಿಕ್ಕಲೋ ಏನೋ" ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದಳು.

'ಲಂಚ್ ಅವರ್'. ಹೊದಿಕೆಯ ಮೇಲೆ ಕಾಯುವ ಹಡಗುಗಳ ಚಿತ್ರ. ಹಾಡುಗಳನ್ನು ಒಂದೊಂದಾಗಿ ಕೇಳಿದೆ, ನನ್ನ ಹಿಮ್ಮೇಳವೂ ಇತ್ತು. ಕೊನೆಯ ಹಾಡಿಗೆ ಬಂದಾಗ ಕೋರಸ್ ಹುಡುಗಿಯ ದನಿಗೆ ಹಲ್ಲು ಕಚ್ಚಿ ಕಾದೆ. ಬಂದದ್ದು ನನ್ನ ದನಿ. ಭೋಂಗಾ ಕೂಗ್ತು ಬಾರೋ ಮಗನೆ. ನಾಲ್ಕೂ ಸಾಲು. ಮೈಯೆಲ್ಲ ಕಿವಿಯಾಗಿ ಗಿಟಾರಿಗೆ ಕಾದೆ. ಬರಲಿಲ್ಲ. ಡ್ರಮ್ಮಿಲ್ಲ, ಆರ್ಗನ್ನಿಲ್ಲ. ಬರೀ ಟೇಪಿನ ಸುಯ್ಯೆನ್ನುವ ಸದ್ದು, ಅದು ಮುಗಿಯುವವರೆಗೂ. ನನ್ನ ತಪ್ಪನ್ನು ನನ್ನ ಪಾಡಿಗೆ ಬಿಟ್ಟು ಇವರೆಲ್ಲ ಎದ್ದು ಹೋದರಲ್ಲ ಎನಿಸಿತು. ಆ ಊರಿನಲ್ಲಿ ಒಬ್ಬಳೇ ಇದ್ದೆ, ಅವರ ಕ್ಯಾಸೆಟ್ಟಿನಲ್ಲೂ ಒಬ್ಬಳೇ. ಟ್ರಂಕಿನ ತಳಕ್ಕೆ ಹಾಕಿದೆ. ತಂಡ ಇನ್ನೂ ಒಂದೆರಡು ವರ್ಷ ಕಾಲೇಜುಗಳಲ್ಲಿ ಬಾರಿಸಿತಂತೆ, ಆಮೇಲೆ ಚದುರಿತಂತೆ. ವಿಚಾರಿಸಲು ಹೋಗಲಿಲ್ಲ.

ಅಷ್ಟೆಲ್ಲ ಆದ ಮೇಲೆ ಈಗ, ಆಟೊದಲ್ಲಿ, ಗಂಟಲು ತಾನೇ ಹೋಗಿ ಆ ಮನೆಯ ಮೇಲೆ ನಿಂತಿತ್ತು. ಇಳಿಸಪ್ಪಾ ಎಂದೆ. ಗೋದಾಮು ಇದ್ದ ಜಾಗದಲ್ಲಿ ಟೈಲ್ಸ್ ಅಂಗಡಿ. ಚರ್ಚು ಮಾತ್ರ ಅಲ್ಲೇ ಇತ್ತು. ಒಳಗೆ ಬಿಳಿಗಡ್ಡದ ಡೇವಿಡ್ ಹುಡುಗರಿಗೆ ಡ್ರಮ್ಮು ಕಲಿಸುತ್ತಿದ್ದ. ನನ್ನನ್ನು ನೋಡಿ ಕೋಲು ಕೆಳಗಿಟ್ಟ. ಕುಶಲ ಕೇಳಿದ, ನಾನೂ ಕೇಳಿದೆ. ಮುಚ್ಚಿಟ್ಟುಕೊಳ್ಳುವ ವಯಸ್ಸಲ್ಲ ಎಂದು ನೇರವಾಗಿ ಕೇಳಿದೆ: ನನ್ನೊಬ್ಬಳನ್ನೇ ಯಾಕೆ ಬಿಟ್ಟಿರಿ?

ಅವನು ಇಂಗ್ಲಿಷು ತೆಲುಗು ಬೆರೆಸಿ ಹೇಳಿದ. ನಾನು ಹೋದ ಮೇಲೆ ಸೂರಿಬಾಬು ಮಾಳಿಗೆಗೆ ಬಂದು ಕೋರಸ್ ಹುಡುಗಿಯನ್ನು ಕಳಿಸಿಬಿಟ್ಟ. ಬೇರೆ ಟ್ರ್ಯಾಕಿನಲ್ಲಿದ್ದ ನನ್ನ ದನಿಯನ್ನಷ್ಟೇ ಹಾಕಿಸಿ ಹಾಕಿಸಿ ಕೇಳಿದ. ಗಿಟಾರು ಆರ್ಗನ್ನಿಗೆ ಕೂತರೆ ನಾನು ತಪ್ಪಾಗುತ್ತಿದ್ದೆ, ನನಗೆ ಕೂತರೆ ಆರ್ಗನ್ ತಪ್ಪಾಗುತ್ತಿತ್ತು. ಇನ್ನೊಮ್ಮೆ ಹಾಡಿಸೋಣ, ಆ ಧಾರವಾಡದ ಹುಡುಗಿಯನ್ನೇ ಹುಡುಕಿಸು, ಶ್ರುತಿ ಸರಿಮಾಡಿಕೊಳ್ಳಲಿ ಎಂದು ಪ್ರಸಾದ್‌ಗಾರು ಹೇಳಿದ್ದಕ್ಕೆ ಅವನು ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದನಂತೆ.

"ಅಮ್ಮ ಊಟಕ್ಕೆ ಕರೆದರೆ ಶ್ರುತಿ ಸರಿಯಿಲ್ಲ ಅನ್ನೋದಕ್ಕೆ ನಾನ್ಯಾರು ಅಂದ. ಹೀಗೇ ಬಿಡಿ, ಇದರ ಮೇಲೆ ಯಾರೂ ಕೈ ಹಾಕಬೇಡಿ ಅಂದ," ಎಂದ ಡೇವಿಡ್. "ನಿಮಗೆ ಇದನ್ನು ಅಮ್ಮನ ಭಾಷೆಯಲ್ಲೇ ಹೇಳಬೇಕು ಅಂತಿದ್ದ, ಅಷ್ಟು ಭಾಷೆ ಅವನಿಗೆ ಬರುತ್ತಿರಲಿಲ್ಲ. ನಾನು ಬಂದು ಕಿಟಕಿ ಬಡಿದೆ. ನೀವು ತೆರೆಯಲಿಲ್ಲ."

ಸೂರಿಬಾಬುವಿನ ಮನೆ ಅಲ್ಲೇ, ಗುಡ್ಡದ ಬದಿಯ ಓಣಿಯಲ್ಲಿ. ಡೇವಿಡ್ ಮುಂದೆ, ನಾನು ಮೊಣಕಾಲು ಹಿಡಿದುಕೊಂಡು ಹಿಂದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮುದುಕನಿಗೆ ಮೀಸೆ ಬೆಳ್ಳಗಾಗಿತ್ತು. ಯಾರು ಬಂದಿದ್ದಾರೆ ನೋಡು ಎಂದು ಡೇವಿಡ್ ಜೋರಾಗಿ ಹೇಳುತ್ತಿದ್ದ. ಹೇಳುವುದು ಬೇಕಿರಲಿಲ್ಲ. ಸೂರಿಬಾಬು ಎದ್ದು ನಿಂತು ನನ್ನನ್ನೇ ನೋಡಿದ. ಎಷ್ಟು ವರ್ಷದಿಂದ ಮುಟ್ಟದ ಭಾಷೆಯೋ, ಒಳಗೆ ತಡಕಾಡುತ್ತಿದ್ದುದು ಕಾಣುತ್ತಿತ್ತು. ನಾನು ಕಾದೆ.

"ಉಂಡೇನವ್ವಾ?"

"ಇಲ್ರೀ," ಎಂದೆ. "ಭಾಳ ಹಸಿವಾಗೇತಿ."

ಒಳಗೆ ತಿರುಗಿ ಹೆಂಡತಿಗೆ ಅನ್ನ ಬಡಿಸು ಎಂದು ಕೂಗಿದ. ಪದ್ಮಳ ಫೋನು ಚೀಲದಲ್ಲಿ ಹೊಡೆದುಕೊಳ್ಳುತ್ತಿತ್ತು. ಅಲ್ಲಿ ಹೋಳಿಗೆಯ ಎಲೆ ಹಾಕಿಕೊಂಡು ಕಾಯುತ್ತಿದ್ದರು. ನಾನು ಕೈ ತೊಳೆದು ನೆಲದ ಮೇಲೆ ಅವನ ಎದುರಿಗೆ ಕೂತೆ. ಅವನ ಹೆಂಡತಿ ತಟ್ಟೆ ತಂದಿಟ್ಟರು. ಅನ್ನ ಇನ್ನೂ ಬಿಸಿಯಾಗಿತ್ತು.